ಗೊರಕೆ ಹೊಡೆಯುವ ಮಗು ದಡ್ಡನಲ್ಲ

ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲಿ, ಬೆಳಗಿನ ಮೊದಲ ಪಿರಿಯಡ್ಡಿನಲ್ಲೇ ತೂಕಡಿಸುವ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದ. ಬಾಯಿ ಸದಾ ತೆರೆದಿರುತ್ತಿತ್ತು. ಕಣ್ಣಿನ ಕೆಳಗೆ ಕಪ್ಪು. ಸಹಪಾಠಿಗಳು ಅವನಿಗೆ 'ಕುಂಭಕರ್ಣ' ಎಂದು ಹೆಸರಿಟ್ಟಿದ್ದರು. ನಾನು ಅದನ್ನು ತಡೆಯಲಿಲ್ಲ; ಬದಲಿಗೆ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಆ ತಪ್ಪು ಅರಿವಾಗಲು ನನ್ನ ಮೊಮ್ಮಗನೇ ಹುಟ್ಟಿಬರಬೇಕಾಯಿತು.

ಏಳು ವರ್ಷದ ಮೊಮ್ಮಗ ಗೊರಕೆ ಹೊಡೆದಾಗ 'ಥೇಟ್ ಅಜ್ಜನ ಹಾಗೆ' ಎಂದು ಮನೆಯವರೆಲ್ಲ ನಗುತ್ತಿದ್ದೆವು. ಒಂದು ರಾತ್ರಿ ಗೊರಕೆ ಥಟ್ಟನೆ ನಿಂತಿತು. ಎದೆ ಏರಿಳಿಯುತ್ತಿದೆ, ಉಸಿರು ಮಾತ್ರ ಇಲ್ಲ. ಕೆಲವು ಕ್ಷಣಗಳ ಬಳಿಕ ನೀರಿನಿಂದ ಮೇಲೆದ್ದವನಂತೆ ಏದುಸಿರು ಬಿಟ್ಟು ಮಗ್ಗುಲು ಬದಲಿಸಿದ. ಹುಳುಕು ಹಲ್ಲಿಗೆಂದು ಕರೆದೊಯ್ದಾಗ ದಂತವೈದ್ಯೆ ಅವನ ಅಂಗುಳವನ್ನು ಹೆಚ್ಚು ಹೊತ್ತು ನೋಡಿ ಕೇಳಿದರು: 'ರಾತ್ರಿ ಗೊರಕೆ ಹೊಡೆಯುತ್ತಾನೆಯೇ? ಹಾಸಿಗೆ ಒದ್ದೆ ಮಾಡುತ್ತಾನೆಯೇ?' ಎರಡಕ್ಕೂ ಉತ್ತರ 'ಹೌದು'.

ಹಲ್ಲಿಗೂ ನಿದ್ದೆಗೂ ಏನು ಸಂಬಂಧ? ಬಾಯಿಯ ಚಾವಣಿಯೇ ಮೂಗಿನ ನೆಲ. ಅಂಗುಳ ಇಕ್ಕಟ್ಟಾದರೆ ಮೂಗಿನ ದಾರಿಯೂ ಕಿರಿದಾಗುತ್ತದೆ. ಅದಕ್ಕೆ ಊದಿದ ಟಾನ್ಸಿಲ್, ಅಡಿನಾಯ್ಡ್ ಸೇರಿದರೆ, ನಿದ್ದೆಯಲ್ಲಿ ಸ್ನಾಯುಗಳು ಸಡಿಲಗೊಂಡಾಗ ಉಸಿರಿನ ದಾರಿ ಮುಚ್ಚಿಹೋಗುತ್ತದೆ. ಇದೇ ಸ್ಲೀಪ್ ಆಪ್ನಿಯಾ. ಉಸಿರಿಗಾಗಿ ಮಿದುಳು ಮತ್ತೆ ಮತ್ತೆ ಎಚ್ಚರಗೊಳ್ಳುವುದರಿಂದ ಹಾಸಿಗೆಯಲ್ಲಿ ರಾತ್ರಿಯಿಡೀ ಕಳೆದರೂ ಮಗುವಿಗೆ ವಿಶ್ರಾಂತಿ ಸಿಗದು. ದೊಡ್ಡವರು ಇದರಿಂದ ಮಂಕಾದರೆ, ಅನೇಕ ಮಕ್ಕಳು ಚಂಚಲರೂ ಸಿಡುಕರೂ ಆಗುತ್ತಾರೆ. ಮೂಗು, ಗಂಟಲಿನ ಅಡ್ಡಿಗೂ ಮಕ್ಕಳು ಕಲಿಕೆಯಲ್ಲಿ ಹಿಂದುಳಿಯುವುದಕ್ಕೂ ನಂಟಿದೆಯೆಂದು ವಿಲಿಯಂ ಹಿಲ್ ಎಂಬ ವೈದ್ಯ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದದ್ದು 1889ರಲ್ಲಿ. ಅದು ನನ್ನಂಥ ಮೇಷ್ಟರ ಕಿವಿಗೆ ಬೀಳಲೇ ಇಲ್ಲ.

ಮೊಮ್ಮಗನನ್ನು ಇಎನ್‌ಟಿ ತಜ್ಞರು ನೋಡಿದರು; ಒಂದು ರಾತ್ರಿಯ ನಿದ್ರಾ ಪರೀಕ್ಷೆಯಿಂದ ರೋಗ ಖಚಿತವಾಯಿತು. ಟಾನ್ಸಿಲ್, ಅಡಿನಾಯ್ಡ್ ತೆಗೆಯುವುದೇ ಸಾಮಾನ್ಯವಾಗಿ ಮೊದಲ ಚಿಕಿತ್ಸೆ. ಅಮೆರಿಕದಲ್ಲಿ 5ರಿಂದ 9 ವರ್ಷದ 464 ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಏಳು ತಿಂಗಳ ಬಳಿಕ ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಶೇ 79ರಷ್ಟು, ಕಾದು ನೋಡಿದವರಲ್ಲಿ ಶೇ 46ರಷ್ಟು ಮಕ್ಕಳ ನಿದ್ರಾ ಪರೀಕ್ಷೆ ಸಹಜ ಸ್ಥಿತಿಗೆ ಮರಳಿತ್ತು. ಅಂದರೆ ಕೆಲವರಿಗೆ ಆಪರೇಷನ್ನೇ ಬೇಕಿಲ್ಲ. ಕೆಲವರಿಗೆ ಅದೊಂದೇ ಸಾಲದು.

ನಮ್ಮ ಹುಡುಗ ಈ ಎರಡನೆಯ ಗುಂಪಿನವ. ಆಗ ಆರ್ಥೊಡಾಂಟಿಸ್ಟ್ ಅಂಗುಳ ಅಗಲಿಸುವ ಸಾಧನ ಅಳವಡಿಸಿದರು. ಅಂಗುಳದ ಎರಡು ಅರ್ಧಗಳು ನಡುವಿನ ಬೆಸುಗೆಯಲ್ಲಿ ಕೂಡುತ್ತವೆ. ಹರೆಯಕ್ಕೆ ಮುನ್ನ ಆ ಬೆಸುಗೆ ಇನ್ನೂ ಮಣಿಯುತ್ತದೆ. ದಿನವೂ ಪುಟ್ಟ ಕೀಲಿಯಿಂದ ತಿರುಪನ್ನು ಕಾಲು ಸುತ್ತು ತಿರುಗಿಸಿದರೆ ಸುಮಾರು ಕಾಲು ಮಿಲಿಮೀಟರ್ ಅಗಲ. ಎರಡನೆಯ ವಾರ ಮುಂದಿನ ಹಲ್ಲುಗಳ ನಡುವೆ ಬಿರುಕು ಕಂಡು ಸೊಸೆ ಗಾಬರಿಯಾದಳು. ಅದು ನಿರೀಕ್ಷಿತವೇ, ಕ್ರಮೇಣ ತಾನಾಗಿ ಕೂಡಿಕೊಳ್ಳುತ್ತದೆ ಎಂದರು ವೈದ್ಯರು. ಹೊಸ ಮೂಳೆ ಗಟ್ಟಿಯಾಗಲು ಸಾಧನ ಇನ್ನಷ್ಟು ತಿಂಗಳು ಬಾಯಲ್ಲಿತ್ತು. ಈಗ ಅವನು ಬಾಯಿ ಮುಚ್ಚಿ ಮಲಗುತ್ತಾನೆ.

ಹಾಗೆಂದು ಇದನ್ನು ಸಿದ್ಧೌಷಧವೆಂದು ಸಾರಲಾರೆ. ಇಟಲಿಯಲ್ಲಿ 31 ಮಕ್ಕಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನ ಒಳ್ಳೆಯ ಫಲ ತೋರಿದರೂ, ಹೋಲಿಕೆಗೆ ಚಿಕಿತ್ಸೆಯಿಲ್ಲದ ಗುಂಪು ಅದರಲ್ಲಿರಲಿಲ್ಲ. ರೋಗ ನಿರ್ಣಯ ವೈದ್ಯರದೇ ಎಂದು ಅಮೆರಿಕದ ಆರ್ಥೊಡಾಂಟಿಸ್ಟರ ಸಂಘವೇ 2019ರಲ್ಲಿ ಸ್ಪಷ್ಟಪಡಿಸಿದೆ. ಅಂಗುಳ ಇಕ್ಕಟ್ಟಿಲ್ಲದ ಮಗುವಿನ ಗೊರಕೆಗೆ ಈ ತಿರುಪು ಮದ್ದಲ್ಲ. ಪರೀಕ್ಷೆಯಿಲ್ಲದೆ ಸಾಧನ ಮಾರಲು ಬರುವವರ ಬಗ್ಗೆ ಪೋಷಕರು ಎಚ್ಚರದಿಂದಿರಬೇಕು.

ಆದರೆ ಪ್ರಶ್ನೆ ಕೇಳಲು ಖರ್ಚಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ 30 ಸಮಸ್ಯೆಗಳ ಮೂಲ ಪಟ್ಟಿಯಲ್ಲಿ ದಂತ ಸಮಸ್ಯೆಯಿದೆ, ಕಲಿಕೆಯ ತೊಡಕಿದೆ. ಎರಡನ್ನೂ ಬೆಸೆಯಬಲ್ಲ ಈ ಕಾಯಿಲೆಯ ಹೆಸರಿಲ್ಲ. ಹಲ್ಲು ನೋಡುವಾಗಲೇ 'ವಾರದಲ್ಲಿ ಎಷ್ಟು ರಾತ್ರಿ ಗೊರಕೆ?' ಎಂದು ವಿಚಾರಿಸಬಾರದೇಕೆ?

ಆ ಹುಡುಗನ ಹೆಸರು ನನಗಿನ್ನೂ ನೆನಪಿದೆ. ಅವನಿಗಿದ್ದದ್ದು ಇದೇ ಕಾಯಿಲೆಯೋ ಅಲ್ಲವೋ ತಿಳಿಯುವ ದಾರಿಯಿಲ್ಲ. ಬೆಂಚಿನ ಮೇಲೆ ನಿಲ್ಲಿಸುವ ಮುನ್ನ 'ರಾತ್ರಿ ನಿದ್ದೆ ಬಂತೇನಪ್ಪಾ?' ಎಂದು ನಾನು ಒಮ್ಮೆ ಕೇಳಬಹುದಿತ್ತು.