ಕಡಲಿಲ್ಲದ ಊರಿನಲ್ಲಿ ಸಿಗಡಿ

ತಿರುಪ್ಪೂರು ಜಿಲ್ಲೆಯ ಕುನ್ನತ್ತೂರಿನಿಂದ ಕೊಚ್ಚಿಯ ಕಡಲು ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆದರೆ ಉಪ್ಪುನೀರಿಗೆ ಆ ಸೀಮೆಯಲ್ಲಿ ಕೊರತೆಯಿಲ್ಲ. ಎಷ್ಟೋ ಬೋರ್‌ವೆಲ್‌ಗಳ ನೀರಿನಲ್ಲಿ ಬೇಳೆ ಬೇಯದು, ಸೋಪು ನೊರೆಯೇಳದು. ಹತ್ತಿಬಟ್ಟೆಗೆ ಬಣ್ಣ ಹಿಡಿಸಲು ತಿರುಪ್ಪೂರಿನ ಕಾರ್ಖಾನೆಗಳು ಬಳಸಿದ ಅಡುಗೆ ಉಪ್ಪು ಮತ್ತು ಸೋಡಿಯಂ ಸಲ್ಫೇಟ್ ವರ್ಷಗಟ್ಟಲೆ ನೊಯ್ಯಲ್ ನದಿಗೆ ಸೇರಿ, ಒರತ್ತುಪಾಳೆಯಂ ಅಣೆಕಟ್ಟಿನ ನೀರನ್ನೇ ಕೆಡಿಸಿದವು. 2011ರಲ್ಲಿ ಮದರಾಸು ಹೈಕೋರ್ಟ್ ಆ ಕಾರ್ಖಾನೆಗಳನ್ನು ಮುಚ್ಚಿಸುವವರೆಗೂ ವ್ಯಾಜ್ಯ ಬೆಳೆದಿತ್ತು. ಇಂಥ ಕಡೆ ಮನೆಯಲ್ಲೊಂದು ಪುಟ್ಟ ಗಾಜಿನ ತೊಟ್ಟಿಯಿಟ್ಟು ಕಡಲ ಸಿಗಡಿ ಸಾಕಬೇಕೆನ್ನುವವರಿಗೆ ಮೊದಲು ಏಳುವ ಪ್ರಶ್ನೆ ಸಹಜವಾದದ್ದೇ: ನೀರು ಹೇಗೂ ಉಪ್ಪಾಗಿದೆ, ಇನ್ನಷ್ಟು ಉಪ್ಪು ಬೆರೆಸಿದರೆ ಸಾಲದೇ?

ಸಾಲದು. ನಾಲಿಗೆಗೆ ಉಪ್ಪೆನಿಸಿದ್ದೆಲ್ಲ ಕಡಲಲ್ಲ. 1872ರಿಂದ 1876ರವರೆಗೆ ಸಾಗರಗಳನ್ನು ಸುತ್ತಿದ ಬ್ರಿಟನ್ನಿನ ಚಾಲೆಂಜರ್ ಹಡಗು ತಂದ 77 ಮಾದರಿಗಳನ್ನು ವಿಲಿಯಂ ಡಿಟ್ಮಾರ್ ಎಂಬ ರಸಾಯನ ವಿಜ್ಞಾನಿ ಪರೀಕ್ಷಿಸಿ, 1884ರಲ್ಲಿ ಫಲಿತಾಂಶ ಪ್ರಕಟಿಸಿದ. ನೀರು ಎಲ್ಲಿಯದಾದರೂ ಅದರ ಒಟ್ಟು ಉಪ್ಪು ತುಸು ಹೆಚ್ಚುಕಡಿಮೆ ಇರಬಹುದು, ಆದರೆ ಲವಣಗಳ ನಡುವಿನ ಪ್ರಮಾಣ ಹೆಚ್ಚೂಕಡಿಮೆ ಒಂದೇ. ಪ್ರತಿ ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಲವಣ. ಅದರಲ್ಲಿ ಸೋಡಿಯಂ ಮತ್ತು ಕ್ಲೋರೈಡ್‌ನ ಪಾಲು ಶೇಕಡಾ 85ರಷ್ಟು, ಉಳಿದದ್ದರಲ್ಲಿ ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ. ಸಿಗಡಿಯ ನರ, ಸ್ನಾಯು, ಕಿವಿರುಗಳೆಲ್ಲ ಈ ಅನುಪಾತಕ್ಕೆ ಒಗ್ಗಿದಂಥವು. ಹರಿಯಾಣದ ಉಪ್ಪು ಅಂತರ್ಜಲದಲ್ಲಿ ವನಾಮಿ ಸಿಗಡಿ ಬೆಳೆಸುವ ರೈತರು ಕೆರೆಗೆ ಪೊಟ್ಯಾಷ್ ಗೊಬ್ಬರ ಸುರಿಯುವುದು ಈ ಕಾರಣಕ್ಕೇ. ಆ ನೀರಿನಲ್ಲಿ ಉಪ್ಪು ಸಾಕಷ್ಟಿರುತ್ತದೆ, ಪೊಟ್ಯಾಸಿಯಂ ಮಾತ್ರ ತೀರಾ ಕಡಿಮೆ. ಅದನ್ನು ತುಂಬಿಕೊಡದಿದ್ದರೆ ಮರಿಗಳು ಸಾಯುತ್ತವೆ. ಅಷ್ಟಕ್ಕೂ ವನಾಮಿ ಉಪ್ಪಿನ ಏರಿಳಿತವನ್ನು ಚೆನ್ನಾಗಿ ತಾಳಿಕೊಳ್ಳುವ ಜಾತಿ. ಅಲಂಕಾರಕ್ಕೆ ಸಾಕುವ ಹವಳದ ದಿಬ್ಬಗಳ ಸಿಗಡಿಗಳಿಗೆ ಆ ಶಕ್ತಿ ಇಲ್ಲ. ಹೊರಗಿನ ಉಪ್ಪು ಏರಿದರೆ ಅವುಗಳ ಮೈಯೊಳಗಿನದೂ ಏರುತ್ತದೆ, ಇಳಿದರೆ ಇಳಿಯುತ್ತದೆ.

ಹಾಗಾಗಿ ಕಡಲನ್ನು ಸೊನ್ನೆಯಿಂದ ಕಟ್ಟಬೇಕು. 1854ರಲ್ಲೇ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿ ವಿಜ್ಞಾನಿ ಲಂಡನ್ನಿನಲ್ಲಿ ಅಡುಗೆ ಉಪ್ಪು, ಮೆಗ್ನೀಸಿಯಂನ ಎರಡು ಲವಣ ಮತ್ತು ಪೊಟ್ಯಾಸಿಯಂ ಕ್ಲೋರೈಡ್ ಕೂಡಿಸಿ ಕೃತಕ ಕಡಲನೀರು ತಯಾರಿಸಿ, ಅದರಲ್ಲಿ ಜೀವಿಗಳನ್ನು ಸಾಕಿದ್ದ. ಇಂದು ಅಕ್ವೇರಿಯಂ ಅಂಗಡಿಗಳಲ್ಲಿ ಸಿದ್ಧ ಮಿಶ್ರಣ ದೊರೆಯುತ್ತದೆ. ಹತ್ತು ಲೀಟರ್ ನೀರಿಗೆ ಸುಮಾರು 350ರಿಂದ 380 ಗ್ರಾಂ ಬೆರೆಸಿ, ಪಂಪು ಹಾಕಿ ಒಂದು ರಾತ್ರಿ ಕದಡಲು ಬಿಟ್ಟು, ಸಾಂದ್ರತೆ 1.025ರ ಆಸುಪಾಸಿಗೆ ಬಂದಿದೆಯೇ ಎಂದು ಅಳೆದು ನೋಡಬೇಕು. ಬೆರೆಸುವ ನೀರು ಆರ್‌ಒ ನೀರೇ ಆಗಬೇಕು. ಆದರೆ ಮನೆಯ ಆರ್‌ಒ ಯಂತ್ರಗಳಲ್ಲಿ ಒಂದು ಅಪಾಯವಿದೆ. ಈಚೆಗೆ ಹಲವು ಮಾದರಿಗಳು ಆರೋಗ್ಯಕ್ಕೆಂದು ನೀರಿಗೆ ತಾಮ್ರ ಸೇರಿಸಿ ಕೊಡುತ್ತವೆ. ಅಂಥ ನೀರನ್ನು ತೊಟ್ಟಿಗೆ ಮುಟ್ಟಿಸಲೂ ಬಾರದು.

ತಾಮ್ರದ ವಿಷಯ ವಿಚಿತ್ರವಾದದ್ದು. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವುದು ಕಬ್ಬಿಣವಿರುವ ಹೀಮೋಗ್ಲೋಬಿನ್. ಸಿಗಡಿಯಲ್ಲಿ ಆ ಕೆಲಸ ತಾಮ್ರವಿರುವ ಹೀಮೋಸಯನಿನ್‌ನದು. ತಾಮ್ರವಿಲ್ಲದೆ ಅದು ಉಸಿರಾಡಲಾರದು. ಅದೇ ತಾಮ್ರ ನೀರಿನಲ್ಲಿ ಕರಗಿ ಕಿವಿರಿಗೆ ತಾಗಿದರೆ, ಲವಣಗಳನ್ನು ಸಾಗಿಸುವ ಕಿಣ್ವಗಳು ಕೆಟ್ಟು ಸಿಗಡಿ ಸಾಯುತ್ತದೆ. ಮೀನುಗಳ ಚುಕ್ಕೆರೋಗಕ್ಕೆ ಕೊಡುವ ಹಲವು ಔಷಧಿಗಳಲ್ಲಿ ಇರುವುದೂ ತಾಮ್ರವೇ. ಮೀನಿಗೆ ಮದ್ದಾದದ್ದು ಸಿಗಡಿಗೆ ವಿಷ.

ನೀರು ಸಿದ್ಧವಾದ ಕೂಡಲೇ ಸಿಗಡಿ ತರಬಾರದು. ಜೀವಿಗಳ ತ್ಯಾಜ್ಯದಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ಕಲ್ಲು ಮರಳಿನ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಕಡಲನೀರಿನಲ್ಲಿ ಈ ಕಾಯುವಿಕೆಗೆ ಇನ್ನೂ ಹೆಚ್ಚಿನ ಮಹತ್ವವಿದೆ. ಪಿಎಚ್ 7 ಇರುವ ನೀರಿಗೆ ಹೋಲಿಸಿದರೆ, 8.2 ಇರುವ ನೀರಿನಲ್ಲಿ ಅಮೋನಿಯಾದ ವಿಷಕಾರಿ ರೂಪದ ಪಾಲು ಹತ್ತು ಪಟ್ಟಿಗೂ ಮೀರುತ್ತದೆ.

ಇನ್ನು ತಿರುಪ್ಪೂರು ಸೇರಿದ ಕೊಂಗುನಾಡಿನ ಗಾಳಿ. ಮುಂಗಾರಿನ ತಿಂಗಳುಗಳಲ್ಲಿ ಪಾಲಕ್ಕಾಡಿನ ಕಣಿವೆ ದಾಟಿ ನುಗ್ಗುವ ಗಾಳಿ ಪಲ್ಲಡಂ, ಉಡುಮಲೈಪೇಟೆಯ ಗಾಳಿಯಂತ್ರಗಳನ್ನು ತಿರುಗಿಸುತ್ತದೆ. ತೆರೆದ ಕಿಟಕಿಯ ಬಳಿ ಇಟ್ಟ ತೊಟ್ಟಿಯ ನೀರನ್ನೂ ಹೀರುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ನಲವತ್ತು ಲೀಟರಿನ ತೊಟ್ಟಿಯಲ್ಲಿ ನಾಲ್ಕು ಲೀಟರ್ ಇಂಗಿದರೆ ಲೀಟರಿಗೆ 35 ಗ್ರಾಂ ಇದ್ದ ಉಪ್ಪು 39ರ ಹತ್ತಿರ ಹೋಗುತ್ತದೆ. ನಾನೂರು ಲೀಟರಿನ ತೊಟ್ಟಿಯಲ್ಲಿ ಇಷ್ಟೇ ನೀರು ಹೋದರೆ ವ್ಯತ್ಯಾಸ ಅರ್ಧ ಗ್ರಾಮೂ ಆಗದು. ಸಣ್ಣ ತೊಟ್ಟಿ ಸುಲಭ ಎಂಬ ನಂಬಿಕೆಯನ್ನು ನಾನು ಒಪ್ಪದಿರುವುದು ಇದಕ್ಕೇ. ಪ್ರತಿದಿನ ಇಂಗಿದಷ್ಟು ನೀರನ್ನು ತುಂಬಬೇಕು, ಉಪ್ಪುನೀರನ್ನಲ್ಲ, ಬರೀ ಆರ್‌ಒ ನೀರನ್ನು. ಏಪ್ರಿಲ್ ಬೇಗೆಯಲ್ಲಿ ನೀರಿನ ಮೇಲೆ ಫ್ಯಾನ್ ಬಿಟ್ಟು ಒಂದೆರಡು ಡಿಗ್ರಿ ಇಳಿಸಬಹುದು. ಆಗ ಇಂಗುವುದೂ ಹೆಚ್ಚು, ತುಂಬುವ ಕೆಲಸವೂ ಹೆಚ್ಚು. ಬೆಚ್ಚಗಿನ ಉಪ್ಪುನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುವುದರಿಂದ, ಕರೆಂಟು ಹೋದಾಗ ಗಾಳಿ ಊದಲು ಬ್ಯಾಟರಿ ಪಂಪು ಇರಲೇಬೇಕು.

ಉಪ್ಪಿನ ಏರಿಳಿತ ಬಲಿ ತೆಗೆದುಕೊಳ್ಳುವುದು ಹೆಚ್ಚಾಗಿ ಪೊರೆ ಕಳಚುವ ಹೊತ್ತಿನಲ್ಲಿ. ಬೆಳೆಯುವ ಸಿಗಡಿ ಹಳೆಯ ಚಿಪ್ಪನ್ನು ಬಿಟ್ಟು, ನೀರು ಹೀರಿ ಉಬ್ಬಿ, ಹೊಸ ಚಿಪ್ಪನ್ನು ನೀರಿನ ಕ್ಯಾಲ್ಸಿಯಂನಿಂದ ಗಟ್ಟಿ ಮಾಡಿಕೊಳ್ಳುತ್ತದೆ. ಅಷ್ಟು ಹೊತ್ತೂ ಅದು ಮೃದುವಾಗಿ, ಕಲ್ಲಿನ ಸಂದಿಯಲ್ಲಿ ಅವಿತಿರುತ್ತದೆ. ತಳದಲ್ಲಿ ಬಿದ್ದ ಖಾಲಿ ಚಿಪ್ಪನ್ನು ಕಂಡು ಸಿಗಡಿ ಸತ್ತಿತೆಂದು ಹೊಸಬರು ಕಂಗಾಲಾಗುವುದುಂಟು. ಎರಡು ದಿನ ಕಲ್ಲು ಅಲುಗಿಸದೆ ಕಾದರೆ ಅದೇ ಹೊರಬರುತ್ತದೆ.

ಮೊದಲ ಬಾರಿಗೆ ಸಾಕುವವರಿಗೆ ಕೆಂಪು ಬೆನ್ನಿನ ಮೇಲೆ ಬಿಳಿ ಪಟ್ಟೆಯಿರುವ ಕ್ಲೀನರ್ ಸಿಗಡಿ ಒಳ್ಳೆಯದು. ಮೀನುಗಳ ಮೈಮೇಲಿನ ಪರೋಪಜೀವಿಗಳನ್ನು ಹೆಕ್ಕಿ ತಿನ್ನುವ ಅದು ಗಂಡಾಗಿ ಬಾಳು ಆರಂಭಿಸಿ, ಮುಂದೆ ಗಂಡೂ ಹೆಣ್ಣೂ ಎರಡೂ ಆಗುತ್ತದೆ. ಎರಡನ್ನು ಜೊತೆಗಿಟ್ಟರೆ ಎರಡೂ ಮೊಟ್ಟೆ ಹೊರಬಹುದು. ಆದರೆ ಮರಿಗಳನ್ನು ಬೆಳೆಸುವುದು ಬಹಳ ಕಷ್ಟ, ಆದ್ದರಿಂದ ಮಾರಾಟಕ್ಕೆ ಬರುವವು ಬಹುಪಾಲು ಕಡಲಿನಿಂದಲೇ ಹಿಡಿದವು. ಲಕ್ಷದ್ವೀಪದ ಅಗತ್ತಿಯಲ್ಲಿ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಬ್ಯೂರೋ ಬೇರೆ ಜಾತಿಯ ಅಲಂಕಾರಿಕ ಸಿಗಡಿಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸಿ, ಸಾಕಲು ದ್ವೀಪದ ಹೆಂಗಸರಿಗೆ ಕಲಿಸಿದೆ. ಅಂಥ ಮರಿಗಳು ಸಿಗುವ ಕಡೆ ಅವನ್ನೇ ಕೇಳಿ ಕೊಳ್ಳಬೇಕೆಂಬುದು ನನ್ನ ಆಸೆ.

ಊರಿಂದೂರಿಗೆ ಪ್ಲಾಸ್ಟಿಕ್ ಚೀಲದಲ್ಲಿ ಬರುವಾಗ ಸಿಗಡಿಯ ಉಸಿರಿನ ಇಂಗಾಲದ ಡೈಆಕ್ಸೈಡ್ ಕೂಡಿ ನೀರಿನ ಪಿಎಚ್ ಇಳಿದಿರುತ್ತದೆ. ಕೂಡಿಕೊಂಡ ಅಮೋನಿಯಾ ಆಗ ಅಷ್ಟು ಕೆಡುಕು ಮಾಡದು. ಚೀಲ ಬಿಚ್ಚಿದೊಡನೆ ಆ ಅನಿಲ ಹೊರಹೋಗಿ ಪಿಎಚ್ ಏರಿ, ಅದೇ ಅಮೋನಿಯಾ ವಿಷವಾಗತೊಡಗುತ್ತದೆ. ಇತ್ತ ಉಪ್ಪಿನ ವ್ಯತ್ಯಾಸಕ್ಕೆ ಸಿಗಡಿಯನ್ನು ನಿಧಾನವಾಗಿ ಒಗ್ಗಿಸಬೇಕು, ಅತ್ತ ತಡವಾದರೆ ಅಮೋನಿಯಾ. ದೂರದಿಂದ ಬಂದ ಚೀಲವಾದರೆ ತೊಟ್ಟಿಯ ನೀರಿನ ಸಾಂದ್ರತೆಯನ್ನು ಮೊದಲೇ ಮಾರಾಟಗಾರರ ನೀರಿಗೆ ಸರಿಹೊಂದಿಸಿಟ್ಟು, ಮುಚ್ಚಿದ ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟು ಬಿಸಿ ಸಮವಾದ ಮೇಲೆ ಬಿಚ್ಚಿ, ಬೇಗ ಒಳಗೆ ಬಿಡುವುದೇ ಲೇಸು. ಹತ್ತಿರದ ಅಂಗಡಿಯಿಂದ ತಂದದ್ದಾದರೆ ಸಣ್ಣ ಕೊಳವೆಯಲ್ಲಿ ತೊಟ್ಟಿಯ ನೀರನ್ನು ಹನಿಹನಿಯಾಗಿ ಬಿಡುತ್ತ ಒಂದು ಗಂಟೆ ಕಾಯಬಹುದು. ಎರಡರಲ್ಲೂ ಸಿಗಡಿಯನ್ನು ಮಾತ್ರ ತೊಟ್ಟಿಗೆ ಬಿಟ್ಟು ಚೀಲದ ನೀರನ್ನು ಹೊರಗೆ ಚೆಲ್ಲಬೇಕು. ಮೀನುಗಳ ಔಷಧಿಯ ತಾಮ್ರ ಅದರಲ್ಲಿ ಇದ್ದಿರಬಹುದು.