ಬೇಗ ಕೂಡಬೇಕು, ತಾನಾಗಿ ಕಳಚಬಾರದು

ಮುಂಬಯಿಯ ಕನ್ನಡಿಗರ ಸಂಸಾರ ಎರಡು ಕಡೆ ನಡೆಯುತ್ತದೆ. ದುಡಿಮೆ ಇಲ್ಲಿ, ಬೇರು ಅಲ್ಲಿ. ಸಾಂತಾಕ್ರೂಜಿನ ಇಕ್ಕಟ್ಟಿನ ಮನೆಯಲ್ಲಿದ್ದುಕೊಂಡೇ ಊರಿನ ಅಡಕೆ ತೋಟಕ್ಕೆ ಗೊಬ್ಬರ ಬಿದ್ದಿತೋ ಇಲ್ಲವೋ ಎಂದು ಫೋನಿನಲ್ಲಿ ವಿಚಾರಿಸುವ ಹಿರಿಯರು ನಮ್ಮಲ್ಲಿ ಬಹಳ ಮಂದಿ. ಆಳುಗಳು ಸಿಗುವುದು ದುರ್ಲಭವಾದಂತೆ ಅಂಥ ಎಷ್ಟೋ ಮನೆಗಳ ಅಂಗಳಕ್ಕೆ ಸಣ್ಣ ಟ್ರ್ಯಾಕ್ಟರು ಬಂದಿದೆ. ಕೆಲವರು ಅದರ ಮುಂದೆ ಲೋಡರನ್ನೂ ಕಟ್ಟಿಸಿಕೊಂಡಿದ್ದಾರೆ. ಲೋಡರ್ ಎಂದರೆ ಎರಡು ಉಕ್ಕಿನ ತೋಳುಗಳು. ಅವುಗಳ ತುದಿಗೆ ಒಂದು ಬಕೆಟ್. ಎಣ್ಣೆಯ ಒತ್ತಡದಿಂದ ತೋಳು ಏಳುತ್ತದೆ, ಬಕೆಟ್ ಮಗುಚುತ್ತದೆ. ಮಣ್ಣು, ಜಲ್ಲಿ, ಗೊಬ್ಬರ ಎಲ್ಲಕ್ಕೂ ಅದು ಒದಗುತ್ತದೆ.

ತೊಂದರೆ ಇರುವುದು ಬಕೆಟನ್ನು ಬಿಚ್ಚುವಲ್ಲಿ. ಮೂಟೆಗಳನ್ನೆತ್ತಲು ಫೋರ್ಕ್ ಬೇಕು, ಸೋಗೆ ಎಳೆಯಲು ಹಲ್ಲಿನ ಸಲಕರಣೆ ಬೇಕು. ಆದರೆ ಬಕೆಟ್ ನಾಲ್ಕು ಪಿನ್ನುಗಳಿಂದ ತೋಳಿಗೆ ಬಂಧಿತವಾಗಿರುತ್ತದೆ. ಸುತ್ತಿಗೆ ಬೇಕು, ಇಬ್ಬರು ಆಳು ಬೇಕು, ಬಹಳ ತಾಳ್ಮೆಯೂ ಬೇಕು. ಇದರ ಫಲವಾಗಿ ಒಮ್ಮೆ ಕೂಡಿಸಿದ ಬಕೆಟ್ ವರ್ಷವಿಡೀ ಅಲ್ಲಿಯೇ ಉಳಿಯುತ್ತದೆ. ಉಳಿದ ಕೆಲಸ ಮತ್ತೆ ಮನುಷ್ಯರ ಬೆನ್ನಿಗೆ ಬೀಳುತ್ತದೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಕ್ವಿಕ್ ಅಟ್ಯಾಚ್ ಅಡಾಪ್ಟರ್. ತೋಳಿಗೂ ಸಲಕರಣೆಗೂ ನಡುವೆ ಕೂರುವ ಒಂದು ಉಕ್ಕಿನ ಚೌಕಟ್ಟು ಇದು. ಚೌಕಟ್ಟು ತೋಳಿನಲ್ಲಿ ಕಾಯಮ್ಮಾಗಿ ಇರುತ್ತದೆ. ಅದರ ಮುಂದಿನ ಸಲಕರಣೆಗಳು ಮಾತ್ರ ಬದಲಾಗುತ್ತವೆ. ಕೊಂಡುಕೊಳ್ಳಲು ಸಿದ್ಧವಾದವು ಉಂಟು. ಆದರೆ ಊರಿನ ವರ್ಕ್‌ಶಾಪಿನಲ್ಲಿ ಕಟ್ಟಿಸಿದ ಲೋಡರಿಗೆ ಅವು ಹೊಂದುತ್ತವೆಂಬ ಭರವಸೆ ಇಲ್ಲ. ಆದುದರಿಂದ ನಾವೇ ಮಾಡಿಸಿಕೊಳ್ಳೋಣವೆಂಬ ಆಲೋಚನೆ ಸಹಜವಾಗಿಯೇ ಹುಟ್ಟುತ್ತದೆ. ಮಾಡಬಹುದೆ? ಮಾಡಬಹುದು. ಹೇಗೆ ಮಾಡಬೇಕು, ಎಲ್ಲಿ ಎಚ್ಚರ ತಪ್ಪಬಾರದು ಎಂಬುದನ್ನು ಇಲ್ಲಿ ವಿಚಾರಿಸೋಣ.

ಟ್ರ್ಯಾಕ್ಟರು ಮತ್ತು ನಮ್ಮ ನಗರ

ಟ್ರ್ಯಾಕ್ಟರು ಹಳ್ಳಿಯ ವಾಹನವಾದರೂ ಮುಂಬಯಿಗೆ ಪರಕೀಯವಲ್ಲ. 1963ರಲ್ಲಿ ಮಹೀಂದ್ರ ಸಂಸ್ಥೆಯು ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಸಂಸ್ಥೆಗಳೊಡನೆ ಸೇರಿ ಟ್ರ್ಯಾಕ್ಟರ್ ಕಂಪನಿಯೊಂದನ್ನು ಸ್ಥಾಪಿಸಿತು. ಅದರ ಬಿ-275 ಟ್ರ್ಯಾಕ್ಟರುಗಳು ನಮ್ಮ ಕಾಂದಿವಲಿಯಲ್ಲಿ ತಯಾರಾದವು. ಕನ್ನಡ ನಾಡಿನಲ್ಲಿಯೂ 1967ರಲ್ಲಿ ಸ್ಥಾಪಿತವಾದ ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆಯು ಜಪಾನಿನ ಮಿತ್ಸುಬಿಷಿಯ ಸಹಕಾರದಿಂದ ಟಿಲ್ಲರುಗಳ ತಯಾರಿಕೆಗೆ ತೊಡಗಿತು. ಇಂದು ತೋಟಗಳ ಸಾಲುಗಳ ನಡುವೆ ನುಸುಳುವ ಸಣ್ಣ ಟ್ರ್ಯಾಕ್ಟರುಗಳಲ್ಲಿ ಈ ಎರಡು ಹೆಸರುಗಳನ್ನೂ ಕಾಣಬಹುದು.

ಟ್ರ್ಯಾಕ್ಟರಿಗೆ ಸಲಕರಣೆಯನ್ನು ಹೇಗೆ ಕೂಡಿಸಬೇಕೆಂಬ ಪ್ರಶ್ನೆ ಹಳೆಯದು. ಮೊದಲ ಕಾಲದಲ್ಲಿ ನೇಗಿಲನ್ನು ಹಿಂದೆ ಕಟ್ಟಿ ಎಳೆಯುತ್ತಿದ್ದರು. ನೇಗಿಲು ಬಂಡೆಗೆ ಸಿಕ್ಕಿಕೊಂಡರೆ ಟ್ರ್ಯಾಕ್ಟರಿನ ಮುಂಭಾಗವೆದ್ದು ಚಾಲಕನ ಮೇಲೆಯೇ ಮಗುಚುವ ಅಪಾಯವಿತ್ತು. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ 1926ರಲ್ಲಿ ಪೇಟೆಂಟ್ ಪಡೆದ ಮೂರು ಬಿಂದುಗಳ ಜೋಡಣೆ ಈ ಭಯವನ್ನು ಬಹುಮಟ್ಟಿಗೆ ನಿವಾರಿಸಿತು. ಕೆಳಗೆ ಎರಡು ಕೊಂಡಿ, ಮೇಲೆ ಒಂದು. ನೇಗಿಲೂ ಟ್ರ್ಯಾಕ್ಟರೂ ಒಂದೇ ಶರೀರದಂತಾದವು. ಕಾಲಕ್ರಮದಲ್ಲಿ ಎಲ್ಲ ತಯಾರಕರೂ ಒಂದೇ ಅಳತೆಗೆ ಒಪ್ಪಿದರು. ಸಣ್ಣ ಟ್ರ್ಯಾಕ್ಟರುಗಳ ಮೊದಲ ವರ್ಗದಲ್ಲಿ ಕೆಳಗಿನ ಪಿನ್ನು 22 ಮಿಲಿಮೀಟರ್, ಮೇಲಿನದು 19. ಯಾವ ಕಂಪನಿಯ ನೇಗಿಲಾದರೂ ಯಾವ ಕಂಪನಿಯ ಟ್ರ್ಯಾಕ್ಟರಿಗಾದರೂ ಹೊಂದುವುದು ಈ ಒಪ್ಪಂದದ ಪುಣ್ಯದಿಂದ.

ಮುಂಭಾಗದ ಕಥೆ ಕೋಳಿಮನೆಯಲ್ಲಿ ಆರಂಭವಾಗುತ್ತದೆ. ಅಮೆರಿಕದ ಮಿನೆಸೋಟದಲ್ಲಿ ಟರ್ಕಿ ಕೋಳಿಗಳನ್ನು ಸಾಕುತ್ತಿದ್ದ ರೈತನೊಬ್ಬನಿಗೆ ಎರಡಂತಸ್ತಿನ ಕೊಟ್ಟಿಗೆಯ ಕಂಬಗಳ ನಡುವೆ ತಿರುಗಿ ಹಿಕ್ಕೆ ಬಳಿಯುವ ಯಂತ್ರ ಬೇಕಾಗಿತ್ತು. ಸಿರಿಲ್ ಮತ್ತು ಲೂಯಿ ಕೆಲ್ಲರ್ ಎಂಬ ಸಹೋದರರು ತಮ್ಮ ಸಣ್ಣ ವರ್ಕ್‌ಶಾಪಿನಲ್ಲಿಯೇ ಅದನ್ನು ಕಟ್ಟಿ 1957ರಲ್ಲಿ ಕೊಟ್ಟರು. 1949ರಲ್ಲಿ ಆರಂಭವಾದ ಗೋರೆಗಾಂವದ ಆರೇ ಹಾಲಿನ ಕಾಲನಿಯ ಎಮ್ಮೆ ಕೊಟ್ಟಿಗೆಗಳನ್ನು ನೋಡಿದವರಿಗೆ ಸಗಣಿ ಸಾಗಿಸುವ ಕಷ್ಟವನ್ನು ವರ್ಣಿಸಬೇಕಾಗಿಲ್ಲ. ಆ ಸಹೋದರರ ಯಂತ್ರವೇ ಮುಂದೆ ಬಾಬ್‌ಕ್ಯಾಟ್ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು. 1970ರಲ್ಲಿ ಅದಕ್ಕೆ ಬೇಗ ಕೂಡುವ, ಬೇಗ ಬಿಡುವ ಜೋಡಣೆ ಬಂದಿತು. ಈ ಬಗೆಯ ಜೋಡಣೆಗೆ ಈಗ ಐ.ಎಸ್.ಒ. 24410 ಎಂಬ ಅಂತರರಾಷ್ಟ್ರೀಯ ಅಳತೆಯೂ ಇದೆ.

ಆದುದರಿಂದ ನಮ್ಮ ಮೊದಲ ಸಲಹೆ ಇಷ್ಟೆ: ಅಡಾಪ್ಟರಿನ ಹಿಂಬದಿ ನಿಮ್ಮ ಲೋಡರಿನ ಅಳತೆಗಿರಲಿ, ಮುಂಬದಿ ಲೋಕದ ಅಳತೆಗಿರಲಿ. ನಮ್ಮದೇ ಹೊಸ ಅಳತೆಯನ್ನು ಕಲ್ಪಿಸಿದರೆ ನಾಳೆ ಕೊಳ್ಳುವ ಪ್ರತಿಯೊಂದು ಸಲಕರಣೆಗೂ ಮತ್ತೆ ಗ್ಯಾಸ್ ಕಟರ್ ಹಿಡಿಯಬೇಕಾದೀತು. ಟ್ರ್ಯಾಕ್ಟರು ತೀರ ಚಿಕ್ಕದಾಗಿದ್ದರೆ ಆ ದೊಡ್ಡ ಚೌಕಟ್ಟು ಅದಕ್ಕೆ ಭಾರವಾಗುತ್ತದೆ. ಆಗ ಸಣ್ಣ ಲೋಡರುಗಳಿಗೆಂದು ಮಾರಾಟಕ್ಕಿರುವ ಹಗುರವಾದ ಮಾದರಿಯೊಂದನ್ನು ಆರಿಸಿ ಅದನ್ನೇ ಅನುಸರಿಸುವುದು ಲೇಸು.

ಕತ್ತರಿಸುವುದು ಇಲ್ಲಿ, ಕೂಡಿಸುವುದು ಅಲ್ಲಿ

ಅಡಾಪ್ಟರಿನ ರಚನೆ ಕಠಿಣವಲ್ಲ. ಹಿಂದೆ ತೋಳುಗಳ ಪಿನ್ನು ಹಾಯುವ ಕಿವಿಗಳು. ಮೇಲೆ ಸಲಕರಣೆಯ ಬೆನ್ನಿನ ಮಡಿಕೆಯೊಳಗೆ ನುಗ್ಗುವ ಓರೆಯಾದ ಅಂಚು. ಕೆಳಗೆ ಎಡಕ್ಕೊಂದು ಬಲಕ್ಕೊಂದು ಬೆಣೆಯಾಕಾರದ ಬೀಗದ ಪಿನ್ನು. ಚಾಲಕನು ಓರೆ ಅಂಚನ್ನು ಮಡಿಕೆಗೆ ಸಿಕ್ಕಿಸಿ ಹಿಂದಕ್ಕೆ ವಾಲಿಸಿದರೆ ಸಲಕರಣೆ ತಾನಾಗಿ ಬಂದು ಚೌಕಟ್ಟಿಗೆ ಒರಗುತ್ತದೆ. ಆಮೇಲೆ ಹಿಡಿಕೆಯನ್ನು ಒತ್ತಿದರೆ ಪಿನ್ನುಗಳು ಸಲಕರಣೆಯ ಕೆಳಗಿನ ಕಂಡಿಗಳಲ್ಲಿ ಇಳಿಯುತ್ತವೆ. ಪಿನ್ನು ಬೆಣೆಯಂತಿರುವುದಕ್ಕೆ ಕಾರಣವುಂಟು: ಸವೆದಷ್ಟೂ ಅದು ಇನ್ನಷ್ಟು ಕೆಳಗಿಳಿದು ಸಡಿಲವನ್ನು ತುಂಬುತ್ತದೆ.

ಮುಂಬಯಿಯಲ್ಲಿ ಇಂಥ ಕೆಲಸಕ್ಕೆ ಅನುಕೂಲ ಬೇಕಷ್ಟು. ಕಳಂಬೋಲಿಯ ಮಾರುಕಟ್ಟೆಯಲ್ಲಿ ಉಕ್ಕಿನ ಪ್ಲೇಟು ಸಿಗುತ್ತದೆ. ಸಾಕಿನಾಕಾ, ಕುರ್ಲಾಗಳ ಗಾಲಾಗಳಲ್ಲಿ ಕತ್ತರಿಸುವವರೂ ಲೇತಿನವರೂ ಇದ್ದಾರೆ. ಹಡಗು ಒಡೆಯುವ ಕೆಲಸಕ್ಕೆ ಹೆಸರಾದ ದಾರುಖಾನೆಯ ಹಳೆ ಕಬ್ಬಿಣ ಅಗ್ಗವೆಂದು ಆಸೆಪಡುವವರೂ ಉಂಟು. ಆದರೆ ಯಾವ ಜಾತಿಯ ಉಕ್ಕೆಂದು ತಿಳಿಯದ ಪ್ಲೇಟನ್ನು ಭಾರ ಹೊರುವ ಜಾಗಕ್ಕೆ ಬಳಸಬಾರದು. ಸ್ಪ್ರಿಂಗಿನಂಥ ಗಡಸು ಉಕ್ಕು ಬೆಸುಗೆಯ ಅಂಚಿನಲ್ಲಿ ಬಿರಿಯುತ್ತದೆ. ಕಿವಿಗಳಿಗೆ ಹೊಸ ಮೈಲ್ಡ್ ಸ್ಟೀಲ್, ಪಿನ್ನುಗಳಿಗೆ ಲೇತಿನವರು ಬಲ್ಲ ಈ.ಎನ್.8 ಸಲಾಕೆ ತೆಗೆದುಕೊಂಡರೆ ಚಿಂತೆಯಿಲ್ಲ.

ಆದರೆ ಟ್ರ್ಯಾಕ್ಟರು ಊರಿನಲ್ಲಿ, ಗಾಲಾ ಇಲ್ಲಿ. ಇದನ್ನು ಮರೆತು ಪೂರ್ತಿ ಚೌಕಟ್ಟನ್ನು ಇಲ್ಲಿಯೇ ಬೆಸೆದು ಕಳುಹಿಸಿದರೆ ನಾಲ್ಕು ಮಿಲಿಮೀಟರಿನ ವ್ಯತ್ಯಾಸಕ್ಕಾಗಿ ಇಡೀ ವಸ್ತು ಮೂಲೆಗೆ ಬಿದ್ದೀತು. ಉತ್ತಮ ಮಾರ್ಗವೆಂದರೆ ಪ್ಲೇಟು ಕತ್ತರಿಸುವುದನ್ನೂ ಬುಶ್ ಕೊರೆಯುವುದನ್ನೂ ಇಲ್ಲಿ ಮುಗಿಸಿ, ಬಿಡಿ ಭಾಗಗಳನ್ನು ಊರಿಗೆ ಕಳುಹಿಸಿ, ಯಂತ್ರದ ಮೇಲೆಯೇ ಕೂಡಿಸಿ ಬೆಸೆಯುವುದು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾದಂದಿನಿಂದ ಕರಾವಳಿಯವರಿಗೆ ಇಂಥ ಸಾಗಾಟ ಸುಲಭವಾಗಿದೆ.

ಬೆಸೆಯುವಾಗ ಎರಡೂ ಬದಿಯ ಬುಶ್ಶುಗಳಲ್ಲಿ ಒಂದೇ ನೇರ ಸಲಾಕೆ ಹಾಯ್ದಿರಬೇಕು. ಇಲ್ಲದಿದ್ದರೆ ಬಿಸಿಗೆ ಕಿವಿಗಳು ಸೊಟ್ಟಗಾಗಿ ಪಿನ್ನು ಹೋಗದು. ಮೊದಲು ಅಲ್ಲಲ್ಲಿ ಚುಕ್ಕೆ ಬೆಸುಗೆ, ಆಮೇಲೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಸ್ವಲ್ಪ ಸ್ವಲ್ಪವಾಗಿ ಪೂರ್ಣ ಬೆಸುಗೆ. ಯಂತ್ರದ ಮೇಲೆ ಬೆಸೆಯುವ ಮುನ್ನ ಬ್ಯಾಟರಿಯ ತಂತಿ ಕಳಚಿರಬೇಕು. ಅರ್ತಿಂಗ್ ಕ್ಲ್ಯಾಂಪ್ ಬೆಸುಗೆಯ ಪಕ್ಕದಲ್ಲಿಯೇ ಇರಬೇಕು. ಮಳೆಗಾಲದಲ್ಲಿ ಮತ್ತೊಂದು ಜಾಗ್ರತೆ. ಬಲವಾದ ಬೆಸುಗೆಗೆ ಬಳಸುವ 7018 ರಾಡಿನ ಲೇಪವು ಗಾಳಿಯ ತೇವವನ್ನು ಹೀರುತ್ತದೆ. ಆ ತೇವದ ಜಲಜನಕ ಉಕ್ಕಿನೊಳಗೆ ಸೇರಿ ಕಣ್ಣಿಗೆ ಕಾಣದ ಬಿರುಕನ್ನು ಹುಟ್ಟಿಸಬಲ್ಲದು. ರಾಡನ್ನು ಅದಕ್ಕೆಂದೇ ಇರುವ ಓವನ್ನಿನಲ್ಲಿ ಒಣಗಿಸಿಯೇ ಬಳಸಬೇಕು. ಕಿಟಕಿಗೆ ಗ್ರಿಲ್ ಬೆಸೆಯುವ ಕೈಗೂ ಈ ಕೆಲಸದ ಕೈಗೂ ವ್ಯತ್ಯಾಸವಿದೆಯೆಂಬುದನ್ನು ಮರೆಯಬಾರದು.

ಅನುಕೂಲಕ್ಕೆ ತೆರುವ ಬೆಲೆ

ಈ ಸೌಕರ್ಯ ಪುಕ್ಕಟೆಯಲ್ಲ. ಹತ್ತು ಮಿಲಿಮೀಟರ್ ದಪ್ಪದ ಪ್ಲೇಟು ಒಂದು ಚದರ ಮೀಟರಿಗೆ 78.5 ಕಿಲೋ ತೂಗುತ್ತದೆ. ಅರ್ಧ ಚದರ ಮೀಟರ್ ಬಳಸಿದರೂ ಸುಮಾರು 40 ಕಿಲೋ. ಜೊತೆಗೆ ಬಕೆಟ್ ಚೌಕಟ್ಟಿನ ದಪ್ಪದಷ್ಟು ಮುಂದಕ್ಕೆ ಸರಿಯುತ್ತದೆ. ಬಾವಿಯ ಏತವನ್ನು ನೋಡಿದವರಿಗೆ ಇದರ ಮರ್ಮ ಗೊತ್ತು: ತೂಕ ದೂರವಾದಷ್ಟೂ ಎತ್ತುವುದು ಕಷ್ಟ.

ಒಂದು ಲೆಕ್ಕ ನೋಡಿ. ಮುಂದಿನ ಅಚ್ಚಿನಿಂದ 1.2 ಮೀಟರ್ ದೂರದಲ್ಲಿ 300 ಕಿಲೋ ಹೊರೆಯನ್ನು ತಡೆಯುವ ಟ್ರ್ಯಾಕ್ಟರಿದೆ ಎನ್ನೋಣ. ಎರಡನ್ನೂ ಗುಣಿಸಿದರೆ 360. ಈಗ 0.9 ಮೀಟರ್ ದೂರದಲ್ಲಿ 40 ಕಿಲೋ ತೂಕದ ಅಡಾಪ್ಟರ್ ಬಂದಿತು. ಅದರ ಪಾಲು 36. ಉಳಿದದ್ದು 324. ಹೊರೆ 1.3 ಮೀಟರಿಗೆ ಸರಿದಿದೆ. ಭಾಗಿಸಿದರೆ ಸುಮಾರು 249 ಕಿಲೋ. ಅಂದರೆ 50 ಕಿಲೋದ ಒಂದು ಮೂಟೆ ಕಡಿಮೆಯಾಯಿತು. ಇದನ್ನು ತಿಳಿಯದೆ ಹಳೆಯ ಅಭ್ಯಾಸದಂತೆಯೇ ಹೊರೆ ಹೇರಿದರೆ ಹಿಂದಿನ ಗಾಲಿಗಳು ಹಗುರಾಗುತ್ತವೆ. ಇಳಿಜಾರಿನಲ್ಲಿ ಟ್ರ್ಯಾಕ್ಟರು ಮುಗ್ಗರಿಸುತ್ತದೆ. ಹಿಂಬದಿಗೆ ತಕ್ಕ ತೂಕ ಕಟ್ಟಿರಬೇಕು, ಹೊರೆಯನ್ನು ನೆಲಕ್ಕೆ ಸಮೀಪವಾಗಿಯೇ ಸಾಗಿಸಬೇಕು.

ಬೀಗವೇ ಪ್ರಾಣ

ನಮ್ಮ ತಾಯಂದಿರಿಗೆ ಕತ್ತಿನ ಸರದ ಕೊಂಡಿಯ ವಿಷಯ ಚೆನ್ನಾಗಿ ಗೊತ್ತು. ಮನೆಯಲ್ಲಿ ಅದು ಸುಲಭವಾಗಿ ಹಾಕಿಕೊಳ್ಳುವಂತಿರಬೇಕು. ವಿರಾರ್ ಲೋಕಲಿನ ನೂಕುನುಗ್ಗಲಿನಲ್ಲಿ ಮಾತ್ರ ಎಂದೂ ಬಿಟ್ಟುಕೊಳ್ಳಬಾರದು. ಅಡಾಪ್ಟರಿನ ನಿಜವಾದ ಪರೀಕ್ಷೆಯೂ ಇದೇ. ಸರ ಜಾರಿದರೆ ಚಿನ್ನ ಹೋದೀತು. ಮೇಲೆತ್ತಿದ ಬಕೆಟ್ ಕಳಚಿದರೆ ಕೆಳಗಿದ್ದವನ ಪ್ರಾಣ ಹೋದೀತು. ಕೆಲವು ವೇಳೆ ಅದು ತೋಳುಗಳ ಮೇಲಿಂದ ಹಿಂದಕ್ಕುರುಳಿ ಚಾಲಕನ ಮೇಲೆಯೇ ಬಿದ್ದೀತು.

ಹಿಡಿಕೆ ಕೆಳಗಿಳಿದ ಮಾತ್ರಕ್ಕೆ ಬೀಗ ಬಿದ್ದಿತೆಂದು ನಂಬುವುದು ದೊಡ್ಡ ಅಪಾಯ. ಕಂಡಿಯೊಳಗೆ ಮಣ್ಣು ಗಟ್ಟಿಯಾಗಿ ಕೂತಿದ್ದರೆ ಪಿನ್ನು ಅರ್ಧದಲ್ಲಿಯೇ ನಿಲ್ಲುತ್ತದೆ, ಹಿಡಿಕೆ ಮಾತ್ರ ಬಾಗಿದಂತೆ ಕಾಣುತ್ತದೆ. ಆದುದರಿಂದ ಪಿನ್ನಿನ ತುದಿ ಕಂಡಿಯ ಕೆಳಗೆ ಹೊರಚಾಚಿ ಕಾಣುವಂತೆ ಮಾಡಿಸಿ, ಆ ತುದಿಗೆ ಎದ್ದು ಕಾಣುವ ಬಣ್ಣ ಬಳಿಸಬೇಕು. ಹಿಡಿಕೆಯನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಇರಬೇಕು. ಸ್ಪ್ರಿಂಗನ್ನೂ ನಂಬದೆ, ಹಿಡಿಕೆ ಮೇಲೇಳದಂತೆ ಪ್ರತ್ಯೇಕವಾದ ಒಂದು ಸಣ್ಣ ಪಿನ್ನಿರಬೇಕು. ಎತ್ತಿನ ಬಂಡಿಯ ಗಾಲಿಯನ್ನು ಅಚ್ಚಿನಿಂದ ಕಳಚದಂತೆ ಹಿಡಿದಿಡುವ ಕಡೆಗೀಲು ಮಾಡುವ ಕೆಲಸವೇ ಇದರದು.

ಪ್ರತಿ ಸಲ ಸಲಕರಣೆ ಬದಲಿಸಿದಾಗಲೂ ಕಂಡಿಯ ಮಣ್ಣು ಕೆರೆಯಬೇಕು. ಇಳಿದು ಬಂದು ಎರಡೂ ಪಿನ್ನುಗಳನ್ನು ಕಣ್ಣಾರೆ ನೋಡಬೇಕು. ಬಳಿಕ ಬಕೆಟಿನ ಅಂಚನ್ನು ನೆಲಕ್ಕೆ ಒತ್ತಿ ಸ್ವಲ್ಪ ಹಿಂದಕ್ಕೂ ಮುಂದಕ್ಕೂ ಚಲಿಸಿ, ಕೆಳಭಾಗ ಚೌಕಟ್ಟಿನಿಂದ ಬಿಡುವುದೇ ಎಂದು ಪರೀಕ್ಷಿಸಬೇಕು. ಹೊಸ ಅಡಾಪ್ಟರಾದರೆ ಮೊದಲ ದಿನ ಹಗುರವಾದ ಹೊರೆಯಿಂದ ಆರಂಭಿಸಿ, ಸಂಜೆ ಬೆಸುಗೆಗಳನ್ನು ತೊಳೆದು ಬಿರುಕಿದೆಯೇ ನೋಡಬೇಕು. ಮುಂದೆ ವಾರಕ್ಕೊಮ್ಮೆಯಾದರೂ ಈ ಕ್ರಮ ತಪ್ಪಬಾರದು. ಎತ್ತಿದ ತೋಳಿನ ಕೆಳಗೆ ಯಾರೂ ಹೋಗಕೂಡದು. ಅಂಗಳದಲ್ಲಿ ಮಕ್ಕಳಿದ್ದರೆ ಯಂತ್ರವನ್ನೇ ನಿಲ್ಲಿಸಬೇಕು.

ಮೇ ತಿಂಗಳ ರಜೆಯಲ್ಲಿ ಊರಿಗೆ ಹೊರಡುವ ಬಂಧುಗಳು ಒಂದು ಟೇಪು, ಒಂದು ದಪ್ಪ ರಟ್ಟು, ಒಂದು ಪೆನ್ಸಿಲು ಜೊತೆಗಿಟ್ಟುಕೊಳ್ಳಲಿ. ಎರಡು ತೋಳುಗಳ ನಡುವಣ ಅಂತರ, ಪಿನ್ನುಗಳ ದಪ್ಪ, ಮೇಲಿನ ಪಿನ್ನಿಗೂ ಕೆಳಗಿನದಕ್ಕೂ ಇರುವ ದೂರ, ಕಿವಿಗಳ ಅಗಲ, ಬಕೆಟಿನ ತೂಕ ಈ ಐದನ್ನು ಬರೆದುಕೊಂಡು, ಕಿವಿಯ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ತಂದರೆ ಗಾಲಾದವರಿಗೆ ಅರ್ಧ ಕೆಲಸ ಆದಂತೆಯೇ. ಊರಿನಲ್ಲಿ ಆ ಯಂತ್ರವನ್ನು ನಡೆಸುವ ಹುಡುಗನೊಡನೆ ಒಂದು ಗಳಿಗೆ ಕುಳಿತು, ಪಿನ್ನು ನೋಡುವ ಕ್ರಮವನ್ನು ಅವನಿಗೆ ಕೈಹಿಡಿದು ಕಲಿಸಿ ಬರಲಿ. ಚೌಕಟ್ಟನ್ನು ಮಾಡಿಸುವವರು ನಾವಾದರೂ ದಿನವೂ ಅದರ ಹಿಂದೆ ಕುಳಿತುಕೊಳ್ಳುವವನು ಅವನಲ್ಲವೆ?