ಕೀಲಿಮಣೆಯ ಮುಂದೆ ಮಣಿಕಟ್ಟಿನ ಕಾಳಜಿ



ಇಡೀ ದಿನ ಕಂಪ್ಯೂಟರಿನಲ್ಲಿ ಟೈಪ್ ಮಾಡಿಯೇ ಹೊಟ್ಟೆ ಹೊರೆಯುವವರು ನಮ್ಮ ಕಾಸರಗೋಡಿನ ಕಡೆ ಈಗ ಅನೇಕರಿದ್ದಾರೆ. ಅಕ್ಷಯ ಕೇಂದ್ರದಲ್ಲಿ ಅರ್ಜಿ ತುಂಬುವವರು, ಮುದ್ರಣಾಲಯದಲ್ಲಿ ಮದುವೆ ಕಾಗದ ಜೋಡಿಸುವವರು. ಸಂಜೆ ಮಣಿಕಟ್ಟು ನೋಯುತ್ತದೆ. ಬಾಮು ತಿಕ್ಕಿ ಮರುದಿನ ಮತ್ತೆ ಅದೇ ಕುರ್ಚಿಗೆ ಹೋಗುತ್ತಾರೆ. ಬಾಮಿನಿಂದ ತೀರುವ ವಿಷಯ ಇದಲ್ಲ. ಕೈ ಇರಿಸುವ ಕ್ರಮವನ್ನೇ ತಿದ್ದಬೇಕು.

ಮಣಿಕಟ್ಟಿನೊಳಗೆ ಒಂದು ಇಕ್ಕಟ್ಟಾದ ಓಣಿ ಇದೆ. ಮೂರು ಕಡೆ ಸಣ್ಣ ಎಲುಬುಗಳು, ಅಂಗೈ ಕಡೆಗೆ ಒಂದು ಗಟ್ಟಿ ಪಟ್ಟಿ. ಬೆರಳು ಮಡಚುವ 9 ಸ್ನಾಯುರಜ್ಜುಗಳೂ ಒಂದು ನರವೂ ಅದರೊಳಗಿಂದ ಹಾದುಹೋಗುತ್ತವೆ. ಕೈ ನೆಟ್ಟಗಿದ್ದರೆ ಎಲ್ಲಕ್ಕೂ ಜಾಗವಿದೆ. ಹಿಂದಕ್ಕೋ ಮುಂದಕ್ಕೋ ಬಾಗಿದರೆ ಒಳಗಿನ ಒತ್ತಡ ಏರುತ್ತದೆ. ಮೇಜಿನ ಅಂಚಿಗೆ ಊರಿ ಕುಳಿತರೆ ಹೊರಗಿನ ಒತ್ತಡವೂ ಸೇರಿಕೊಳ್ಳುತ್ತದೆ.

ಹಳೆಯ ಟೈಪ್‌ರೈಟರಿನಲ್ಲಿ ಕೀಲಿಗಳು ಎತ್ತರದಲ್ಲಿದ್ದುದರಿಂದ ಮಣಿಕಟ್ಟು ಊರಲು ಜಾಗವೇ ಇರಲಿಲ್ಲ. ಸಾಲು ಮುಗಿದಾಗ ಕೈಯೆತ್ತಿ ಸನ್ನೆ ತಳ್ಳಬೇಕು, ಪುಟ ಮುಗಿದಾಗ ಕಾಗದ ಬದಲಿಸಬೇಕು. ಹಾಗೆಂದು ಆಗ ಕೈನೋವೇ ಇರಲಿಲ್ಲ ಎನ್ನಲಾರೆ, ಆದರೆ ಕೆಲಸವೇ ನಡುನಡುವೆ ವಿಶ್ರಾಂತಿ ಕೊಡುತ್ತಿತ್ತು. ಕಂಪ್ಯೂಟರ್ ಹಾಗೆ ಬಿಡುವುದಿಲ್ಲ. ಅರ್ಧ ಗಂಟೆಗೊಮ್ಮೆಯಾದರೂ ಕೈ ಕೆಳಗಿಳಿಸಿ, ಎದ್ದು ನಾಲ್ಕು ಹೆಜ್ಜೆ ಹಾಕಿ ಬರಬೇಕು.

ರಂಗರಾಜನ್ ಸಮಿತಿಯ 1984ರ ವರದಿಯ ಬಳಿಕ ಬ್ಯಾಂಕುಗಳಿಗೆ ಲೆಡ್ಜರ್ ಯಂತ್ರಗಳು ಬಂದವು. ಬರೆಯುವ ಮೇಜಿನ ಮೇಲೆಯೇ ಅವನ್ನಿಟ್ಟು ಗುಮಾಸ್ತರು ಭುಜವೆತ್ತಿ ಕೆಲಸ ಮಾಡುತ್ತಿದ್ದುದನ್ನು ಕಂಡಿದ್ದೇನೆ. ಬರೆಯಲು ಸರಿಯಾದ ಮೇಜು ಟೈಪಿಗೆ ಹೆಚ್ಚಾಗಿ ಎತ್ತರವೇ. ಭುಜ ಸಡಿಲಬಿಟ್ಟು ಮೊಣಕೈ ಮಡಚಿದಾಗ ಅದರ ಮಟ್ಟಕ್ಕೋ ತುಸು ಕೆಳಗೋ ಕೀಲಿಮಣೆ ಇರಬೇಕು. ಮೇಜು ತಗ್ಗಿಸಲಾಗದಿದ್ದರೆ ಕುರ್ಚಿಗೆ ದಿಂಬು ಹಾಕಿ, ಕಾಲು ತೂಗಾಡದಂತೆ ಕೆಳಗೊಂದು ಮಣೆ ಇಡಿ. ಕೀಲಿಮಣೆಯ ಹಿಂಬದಿಯ ಪುಟ್ಟ ಕಾಲುಗಳನ್ನು ಮಡಚಿಬಿಡಿ. ಅವು ಎದ್ದಿದ್ದರೆ ಕೈ ಹಿಂದಕ್ಕೆ ಬಾಗುತ್ತದೆ. ಮೌಸ್ ಪಕ್ಕದಲ್ಲೇ ಇರಲಿ.

ಇನ್ನು ನಮ್ಮ ಕನ್ನಡದ್ದೇ ಒಂದು ಮಾತು. ನುಡಿ ತಂತ್ರಾಂಶದಲ್ಲಿರುವ ಕೆ.ಪಿ. ರಾವ್ ವಿನ್ಯಾಸದಲ್ಲಿ ಣ, ಳ ಬರಬೇಕಾದರೆ ಶಿಫ್ಟ್ ಒತ್ತಬೇಕು. ‘ಮರಗಳು’, ‘ಮನೆಗಳು’ ಎಂದು ಬಹುವಚನ ಬಂದಾಗಲೆಲ್ಲ ಶಿಫ್ಟ್. ಈ ಎರಡು ಅಕ್ಷರಗಳೂ ಬಲಗೈಯವು. ಶಿಫ್ಟನ್ನೂ ಬಲಗೈಯ ಕಿರುಬೆರಳಿನಿಂದಲೇ ಒತ್ತಿದರೆ ಮಣಿಕಟ್ಟು ಪಕ್ಕಕ್ಕೆ ತಿರುಚಿಕೊಳ್ಳುತ್ತದೆ. ಎಡಗೈಯಿಂದ ಎಡಗಡೆಯ ಶಿಫ್ಟನ್ನು ಒತ್ತುವುದು ಕ್ರಮ. ಟೈಪಿಂಗ್ ಶಾಲೆಯಲ್ಲಿ ಮೊದಲೇ ಹೇಳಿಕೊಡುತ್ತಿದ್ದ ಪಾಠವಿದು. ಎರಡೇ ಬೆರಳಿನಲ್ಲಿ ಕುಟ್ಟುವವರಿಗೆ ತಿಳಿದಿರುವುದಿಲ್ಲ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮುಗುಟ್ಟಿ ರಾತ್ರಿ ಎಚ್ಚರವಾಗುತ್ತಿದ್ದರೆ ಆ ನರ ಒತ್ತಿಕೊಂಡಿರಬಹುದು. ಇದಕ್ಕೆ ಟೈಪಿಂಗ್ ಒಂದೇ ಕಾರಣವೆನ್ನುವಂತಿಲ್ಲ. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇದ್ದವರಿಗೂ ಗರ್ಭಿಣಿಯರಿಗೂ ಬರುವುದುಂಟು. ಹಿಡಿದ ಲೋಟ ಜಾರುವ ತನಕ ಕಾಯದೆ ವೈದ್ಯರಿಗೆ ತೋರಿಸಿ. ನಿದ್ದೆಯಲ್ಲಿ ಕೈ ಮಡಚದಂತೆ ರಾತ್ರಿ ಹೊತ್ತು ಕಟ್ಟಿಕೊಳ್ಳಲು ಅವರು ಒಂದು ಆಧಾರಪಟ್ಟಿ ಹೇಳಬಹುದು. ಅಂಗಡಿಯಲ್ಲಿ ಅದನ್ನು ಕೈಗೆ ಹಾಕಿ ನೋಡಿಯೇ ಕೊಳ್ಳಿ, ಬಿಗಿಯಾಗಿರಬಾರದು.